ಮಳೆ, ಸೌದೆ, ಡೀಸೆಲ್: ಒಂದು ಜಿಲ್ಲೆಯ ಶಕ್ತಿಯ ಲೆಕ್ಕ



ಬೇಸಿಗೆ ಮುಗಿಯುವ ಹೊತ್ತಿಗೆ ಹಾಸನದ ಎಪಿಎಂಸಿ ಯಾರ್ಡಿಗೆ ಪಂಜಾಬಿನ ಲಾರಿಗಳು ಬಂದು ನಿಲ್ಲುತ್ತವೆ. ಜಲಂಧರದ ಕಡೆ ಚಳಿಗಾಲದಲ್ಲಿ ಬೆಳೆದು, ಕೋಲ್ಡ್ ಸ್ಟೋರೇಜ್‌ನಲ್ಲಿ ಕೆಡದಂತೆ ಕಾಪಾಡಿದ ಬಿತ್ತನೆ ಆಲೂಗಡ್ಡೆಯ ಮೂಟೆಗಳು ಅವು. ಹೆಚ್ಚಿನವು ಕುಫ್ರಿ ಜ್ಯೋತಿ ತಳಿಯವು. ಮುಂಗಾರಿನ ಮೊದಲ ಹದ ಮಳೆ ಬಿದ್ದಕೂಡಲೇ ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಹೊಲಗಳಲ್ಲಿ ಅವನ್ನು ಕತ್ತರಿಸಿ ನೆಡುತ್ತಾರೆ. ಒಂದು ಕಾಲಕ್ಕೆ ಹತ್ತಾರು ಸಾವಿರ ಹೆಕ್ಟೇರಿನಲ್ಲಿದ್ದ ಈ ಬೆಳೆ ಅಂಗಮಾರಿ ರೋಗದ ಹೊಡೆತಕ್ಕೆ ಸಿಕ್ಕಿ ತೀರಾ ಇಳಿದುಹೋಗಿದೆ. ಅದರ ಜಾಗಕ್ಕೆ ಮುಸುಕಿನ ಜೋಳವೂ ಶುಂಠಿಯೂ ಬಂದಿವೆ. ಆದರೂ ಹಾಸನವೆಂದರೆ ಆಲೂಗಡ್ಡೆ ಎಂಬ ಮಾತು ಇನ್ನೂ ಉಳಿದಿದೆ.

ಈ ಆಲೂಗಡ್ಡೆಯನ್ನು ಬೆಳೆಸಿದ್ದು ಯಾರು? ಮಣ್ಣು, ಮಳೆ, ಬಿಸಿಲು, ರೈತನ ಮನೆಯವರ ದುಡಿಮೆ ಎನ್ನುತ್ತೇವೆ. ಅಮೆರಿಕದ ಫ್ಲಾರಿಡಾದಲ್ಲಿದ್ದ ಹೋವರ್ಡ್ ಓಡಮ್ ಎಂಬ ಪರಿಸರ ವಿಜ್ಞಾನಿ 1971ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ಬೇರೆ ಉತ್ತರ ಕೊಟ್ಟಿದ್ದಾರೆ. ಹೊಸ ಕಾಲದ ಮನುಷ್ಯ ತಿನ್ನುವ ಆಲೂಗಡ್ಡೆ ಬರೀ ಬಿಸಿಲಿನಿಂದ ಆದದ್ದಲ್ಲ, ಅದರಲ್ಲಿ ನೆಲದಡಿಯ ತೈಲವೂ ಸೇರಿದೆ ಎಂಬುದು ಅವರ ಮಾತಿನ ಸಾರ. ಬೇರೆ ಯಾವ ಊರಿನವರಿಗಿಂತಲೂ ಹಾಸನದವರಿಗೆ ಈ ಮಾತು ಹೆಚ್ಚು ತಟ್ಟಬೇಕು.

ಓಡಮ್ ಹುಟ್ಟಿದ್ದು 1924ರಲ್ಲಿ, ತೀರಿಕೊಂಡದ್ದು 2002ರಲ್ಲಿ. 1950ರ ದಶಕದಲ್ಲಿ ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್ ಎಂಬ ತಿಳಿನೀರಿನ ಬುಗ್ಗೆಯ ಮೇಲೆ ಎಷ್ಟು ಬಿಸಿಲು ಬೀಳುತ್ತದೆ, ಅದರಲ್ಲಿ ನೀರೊಳಗಿನ ಸಸ್ಯಗಳು ಎಷ್ಟು ಹಿಡಿಯುತ್ತವೆ, ಅವನ್ನು ತಿನ್ನುವ ಪ್ರಾಣಿಗಳಿಗೆ ಎಷ್ಟು, ಆ ಪ್ರಾಣಿಗಳನ್ನು ತಿನ್ನುವ ಮೀನುಗಳಿಗೆ ಎಷ್ಟು ಎಂದು ಅವರು ಅಳೆದು ನೋಡಿದರು. ಮೆಟ್ಟಿಲಿನಿಂದ ಮೆಟ್ಟಿಲಿಗೆ ದಾಟುವುದು ಸಣ್ಣದೊಂದು ಪಾಲು, ಉಳಿದದ್ದು ಬಿಸಿಯಾಗಿ ಹೊರಟುಹೋಗುತ್ತದೆ. ಆಮೇಲೆ ಇದೇ ಲೆಕ್ಕವನ್ನು ಅವರು ಕಾಡಿಗೆ, ಹೊಲಕ್ಕೆ, ಪಟ್ಟಣಕ್ಕೆ, ಇಡೀ ದೇಶಕ್ಕೆ ಹಚ್ಚಿದರು. ಮನುಷ್ಯರ ಊರೂ ಬುಗ್ಗೆಯೂ ಒಂದೇ ನಿಯಮದಲ್ಲಿ ನಡೆಯುತ್ತವೆ, ಎರಡರಲ್ಲೂ ಶಕ್ತಿ ಎಲ್ಲಿಂದ ಬಂತು, ಎಲ್ಲಿ ನಿಂತಿತು, ಎಲ್ಲಿಗೆ ಹೋಯಿತು ಎಂದು ಕೇಳಿದರೆ ರೂಪಾಯಿಯ ಲೆಕ್ಕದಲ್ಲಿ ಕಾಣದ ಸಂಗತಿಗಳು ಕಾಣುತ್ತವೆ ಎಂಬುದು ಅವರ ನಂಬಿಕೆಯಾಗಿತ್ತು. ಒಂದು ವಸ್ತು ಆಗುವುದಕ್ಕೆ ಹಿಂದಿನ ಎಲ್ಲ ಮೆಟ್ಟಿಲುಗಳಲ್ಲೂ ಸೇರಿ ಎಷ್ಟು ಬಿಸಿಲು ದುಡಿದಿದೆ ಎಂಬ ಮೊತ್ತವನ್ನು ಅವರು ಎಮರ್ಜಿ ಎಂದು ಕರೆದರು.

ನಮ್ಮ ಆಲೂಗಡ್ಡೆಯ ಲೆಕ್ಕವನ್ನು ಒರಟಾಗಿಯಾದರೂ ಮಾಡೋಣ. ಅಳತೆಗೆ ಎಲ್ಲರ ಮನೆಯ ಕರೆಂಟ್ ಬಿಲ್ಲಿನಲ್ಲಿರುವ ಯೂನಿಟ್ಟನ್ನೇ ಇಟ್ಟುಕೊಳ್ಳೋಣ. ಒಂದು ಲೀಟರ್ ಡೀಸೆಲ್ಲಿನಲ್ಲಿರುವ ಶಾಖ ಸುಮಾರು ಹತ್ತು ಯೂನಿಟ್. ಜಲಂಧರದಿಂದ ಹಾಸನಕ್ಕೆ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಹದಿನೈದು ಟನ್ ಹೊತ್ತ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಓಡಿತೆಂದುಕೊಂಡರೆ, ಎಕರೆಗೆ ಬೇಕಾದ ಹತ್ತು ಹನ್ನೆರಡು ಮೂಟೆ ಬಿತ್ತನೆಗಡ್ಡೆ ಇಲ್ಲಿಗೆ ಬರುವಷ್ಟರಲ್ಲೇ ಇಪ್ಪತ್ತೈದು ಲೀಟರ್ ಡೀಸೆಲ್ ಉರಿದಿರುತ್ತದೆ. ಉಳುಮೆಗೆ, ಸಾಲು ಹೊಡೆಯುವುದಕ್ಕೆ ಟ್ರ್ಯಾಕ್ಟರ್ ಇನ್ನಷ್ಟು ಕುಡಿಯುತ್ತದೆ. ಇನ್ನು ಯೂರಿಯಾ. ಗಾಳಿಯಲ್ಲಿರುವ ಸಾರಜನಕವನ್ನು ಗೊಬ್ಬರವಾಗಿಸುವುದಕ್ಕೆ ಕಾರ್ಖಾನೆಯಲ್ಲಿ ನೈಸರ್ಗಿಕ ಅನಿಲ ಬೇಕು. ನಲವತ್ತೈದು ಕಿಲೋ ಚೀಲ ಒಂದರ ತಯಾರಿಗೆ ತಗಲುವ ಶಕ್ತಿ ಹತ್ತಿರ ಹತ್ತಿರ ಮೂವತ್ತು ಲೀಟರ್ ಡೀಸೆಲ್ಲಿಗೆ ಸಮ. ಎರಡು ಚೀಲ ಹಾಕಿದರೆ ಅರವತ್ತು ಲೀಟರ್. ಕೋಲ್ಡ್ ಸ್ಟೋರೇಜ್‌ನ ಕರೆಂಟು, ಅಂಗಮಾರಿಗೆಂದು ಮತ್ತೆ ಮತ್ತೆ ಹೊಡೆಯುವ ಔಷಧಿ, ಇವನ್ನು ಬಿಟ್ಟರೂ ಎಕರೆಯೊಂದಕ್ಕೆ ನೂರು ಲೀಟರ್ ಡೀಸೆಲ್ ದಾಟುತ್ತದೆ ಎಂಬುದು ನನ್ನ ಅಂದಾಜು.

ನೂರು ಲೀಟರ್ ಎಂದರೆ ಎಷ್ಟು? ಗಟ್ಟಿಮುಟ್ಟಾದ ಆಳು ಬೆಳಗಿನಿಂದ ಸಂಜೆವರೆಗೆ ಮೈಮುರಿದು ದುಡಿದರೆ ಆಗುವ ಕೆಲಸ ಸುಮಾರು ಅರ್ಧ ಯೂನಿಟ್. ಒಂದು ಲೀಟರ್ ಡೀಸೆಲ್ ಇಂಜಿನ್ನಿನಲ್ಲಿ ಉರಿದು, ಶಾಖವಾಗಿ ಹೋದದ್ದೆಲ್ಲ ಹೋಗಿ, ಉಳಿಸಿಕೊಡುವ ಕೆಲಸ ಮೂರು ಯೂನಿಟ್. ಅಂದರೆ ಒಂದು ಲೀಟರಿಗೆ ಆರು ಜನರ ಒಂದು ದಿನ. ನೂರು ರೂಪಾಯಿಯೊಳಗೆ ಆರು ಜನರ ದಿನದ ದುಡಿಮೆ ಸಿಗುವಾಗ ಎತ್ತು ಕಟ್ಟುವವರು ಕಡಿಮೆಯಾದರೆ ಅದನ್ನು ಸೋಮಾರಿತನ ಎನ್ನಲಾದೀತೆ? ನೇಗಿಲ ಹಿಂದೆ ನಡೆದವರ ಮೇಲೆ ಆ ದೂರು ಹೊರಿಸುವುದು ಅನ್ಯಾಯ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ತೈಲ ನೆಲದಡಿ ಕೂಡಿಬರಲು ಕೋಟ್ಯಂತರ ವರ್ಷ ಹಿಡಿದಿದೆ. ನಾವು ಕೊಡುವ ಬೆಲೆ ಅದನ್ನು ಮೇಲೆತ್ತಿ, ಶುದ್ಧಮಾಡಿ, ಸಾಗಿಸಿದ ಖರ್ಚು, ಲಾಭ ಮತ್ತು ತೆರಿಗೆ ಮಾತ್ರ. ಕೂಡಿಟ್ಟ ಕಾಲಕ್ಕೆ ಯಾರೂ ಬೆಲೆ ಕಟ್ಟಿಲ್ಲ.

ಇಲ್ಲೇ ಕುಡಿ ಕತ್ತರಿಸಿ ಬೇರು ಬರಿಸಿದ ಆಲೂಗಡ್ಡೆ ಸಸಿಗಳಿಂದ ಬಿತ್ತನೆಗಡ್ಡೆ ಬೆಳೆಯುವ ಪ್ರಯತ್ನ ಈಚಿನ ವರ್ಷಗಳಲ್ಲಿ ಹಾಸನದಲ್ಲಿ ನಡೆದಿದೆ. ರೋಗವಿಲ್ಲದ ಬೀಜ ಸಿಗಲಿ ಎಂಬುದು ಅದರ ಉದ್ದೇಶ. ಅದು ಊರೂರಿಗೆ ಹಬ್ಬಿದರೆ ಪಂಜಾಬಿನ ದಾರಿಯ ಡೀಸೆಲ್ಲೂ ಉಳಿಯುತ್ತದೆ.

ಈಗ ಲೆಕ್ಕದ ಆದಾಯದ ಕಡೆಗೆ ಬರೋಣ. ನೇರ ಬಿಸಿಲನ್ನು ಬಿಟ್ಟರೆ ಈ ಜಿಲ್ಲೆಗೆ ಬರುವ ಅತಿ ದೊಡ್ಡ ಶಕ್ತಿ ಯಾವುದು? ಮಳೆ. ಒಂದು ಲೀಟರ್ ನೀರನ್ನು ಆವಿ ಮಾಡುವುದಕ್ಕೆ ಮುಕ್ಕಾಲು ಯೂನಿಟ್ಟಿಗಿಂತ ತುಸು ಕಡಿಮೆ ಶಾಖ ಬೇಕು. ಚನ್ನರಾಯಪಟ್ಟಣದ ಕಡೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ. ಒಂದು ಎಕರೆಯ ಮೇಲೆ ಬೀಳುವ ಆ ನೀರು ಸುಮಾರು 28 ಲಕ್ಷ ಲೀಟರ್. ಅಷ್ಟನ್ನು ಸಮುದ್ರದಿಂದ ಆವಿಯಾಗಿಸಿ ಎತ್ತುವುದಕ್ಕೆ ಸೂರ್ಯ ಖರ್ಚುಮಾಡಿದ ಶಾಖ ಸುಮಾರು 19 ಲಕ್ಷ ಯೂನಿಟ್. ಒಂದೇ ಎಕರೆಗೆ, ಒಂದೇ ವರ್ಷಕ್ಕೆ! ಇದಕ್ಕೆ ಬಿಲ್ಲಿಲ್ಲ, ಮೀಟರಿಲ್ಲ. ಸಕಲೇಶಪುರದ ಕಡೆ 2000 ಮಿಲಿಮೀಟರ್ ದಾಟುವ ಮಳೆ ಸುರಿಯುತ್ತದೆ. ಮೂಡಿಗೆರೆ ಸೀಮೆಯಲ್ಲಿ ಹುಟ್ಟಿದ ಹೇಮಾವತಿ ಆ ನೀರನ್ನು ಇಳಿಜಾರಿನಲ್ಲಿ ಹೊತ್ತು ತರುತ್ತಾಳೆ. ನಮ್ಮ ಹಿರಿಯರು ಈ ಇಳಿಜಾರನ್ನು ಚೆನ್ನಾಗಿ ಓದಿಕೊಂಡಿದ್ದರು. ಹೊಳೆನರಸೀಪುರ ತಾಲ್ಲೂಕಿನ ಶ್ರೀರಾಮದೇವರ ಕಟ್ಟೆ, ಅರಕಲಗೂಡು ತಾಲ್ಲೂಕಿನ ಕಟ್ಟೇಪುರದಲ್ಲಿ ಕಾವೇರಿಗೆ ಕಟ್ಟಿದ ಕೃಷ್ಣರಾಜನ ಕಟ್ಟೆ, ಇವು ಹೊಳೆಯನ್ನು ಸ್ವಲ್ಪ ತಡೆದು ಪಕ್ಕಕ್ಕೆ ತಿರುಗಿಸುವ ತಗ್ಗಾದ ಕಟ್ಟೆಗಳು. ಅಲ್ಲಿಂದ ಗದ್ದೆಗೆ ನೀರು ತಾನೇ ನಡೆದು ಹೋಗುತ್ತದೆ, ಎತ್ತುವ ಕೆಲಸವಿಲ್ಲ.

1979ರಲ್ಲಿ ಗೊರೂರಿನ ಬಳಿ ಮುಗಿದ ಹೇಮಾವತಿ ಅಣೆಕಟ್ಟೂ ಇದೇ ಇಳಿಜಾರನ್ನು ದೊಡ್ಡ ಪ್ರಮಾಣದಲ್ಲಿ ಬಳಸಿಕೊಂಡಿತು. 37 ಟಿಎಂಸಿ ನೀರು ಅಲ್ಲಿ ಎತ್ತರದಲ್ಲಿ ನಿಲ್ಲುತ್ತದೆ, ಕಾಲುವೆಯಾಗಿ ಚನ್ನರಾಯಪಟ್ಟಣ ದಾಟಿ, ಬಾಗೂರು ನವಿಲೆ ಸುರಂಗದಲ್ಲಿ ತೂರಿ ತುಮಕೂರಿನವರೆಗೂ ಹರಿಯುತ್ತದೆ. ಶೆಟ್ಟಿಹಳ್ಳಿಯಂಥ ಊರುಗಳ ಜನ ಆ ಹಿನ್ನೀರಿಗಾಗಿ ಮನೆಮಠ ಬಿಟ್ಟು ಹೋದರು. ಶಕ್ತಿಯ ಲೆಕ್ಕವಾಗಲಿ ರೂಪಾಯಿಯ ಲೆಕ್ಕವಾಗಲಿ, ಅವರದ್ದೊಂದು ಸಾಲು ಇಲ್ಲದಿದ್ದರೆ ಅದು ಪೂರ್ತಿ ಲೆಕ್ಕವೇ ಅಲ್ಲ.

ಕಾಲುವೆ ಮುಟ್ಟದ ಹೊಲಗಳಲ್ಲಿ ಕಥೆ ತಿರುಗುಮುರುಗು. ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಹಿಂದೆ ಮೂವತ್ತು ಅಡಿಯ ಬಾವಿಯಿಂದ ಏತದಲ್ಲೋ ಕಪಿಲೆಯಲ್ಲೋ ನೀರೆತ್ತುತ್ತಿದ್ದರು. ಇಂದು ಬೋರು ಎಂಟುನೂರು ಅಡಿ ಇಳಿದರೆ ಅದೇ ಬಿಂದಿಗೆ ನೀರಿಗೆ ಇಪ್ಪತ್ತೈದು ಪಟ್ಟಿಗೂ ಮಿಕ್ಕ ಶಕ್ತಿ ಬೇಕು. ಸಾವಿರ ಲೀಟರ್ ಮೇಲೆ ಬರುವುದಕ್ಕೆ, ಪಂಪಿನ ನಷ್ಟವೂ ಸೇರಿ, ಎರಡು ಯೂನಿಟ್ ಹತ್ತಿರ. ಪಂಪ್‌ಸೆಟ್ಟಿಗೆ ಹತ್ತು ಅಶ್ವಶಕ್ತಿಯವರೆಗೆ ಕರೆಂಟು ಉಚಿತವಾದ್ದರಿಂದ ಈ ಏರಿಕೆ ರೈತನ ಬಿಲ್ಲಿನಲ್ಲಿ ಕಾಣುವುದಿಲ್ಲ. ಉಚಿತ ಕೊಡಬಾರದೆಂದು ನಾನು ಹೇಳುತ್ತಿಲ್ಲ. ಬೆಲೆ ಕಾಣದಿದ್ದಾಗ ನೀರು ಇಳಿಯುತ್ತಿರುವ ಸುದ್ದಿಯೂ ಕಾಣದೇ ಹೋಗುತ್ತದೆ, ನನ್ನ ಸಂಕಟ ಅದು. ಕೆರೆಯ ಹೂಳು ತೆಗೆದು, ಸುತ್ತಲ ಬಾವಿಯ ನೀರು ನೂರು ಅಡಿ ಮೇಲೆ ಬಂದರೆ ಪ್ರತಿ ಸಾವಿರ ಲೀಟರಿಗೆ ಕಾಲು ಯೂನಿಟ್ ಉಳಿಯುತ್ತದೆ. ಹಾಗೆ ನೋಡಿದರೆ ಊರ ಕೆರೆಯೂ ಒಂದು ವಿದ್ಯುತ್ ಯೋಜನೆಯೇ. ಅದನ್ನು ಹಾಗೆಂದು ಯಾವ ಬಜೆಟ್ಟಿನಲ್ಲೂ ಬರೆದದ್ದನ್ನು ನಾನು ನೋಡಿಲ್ಲ.

ಇನ್ನು ಸೌದೆ. ಅರಕಲಗೂಡು, ಹೊಳೆನರಸೀಪುರದ ಕೇಳುಗರಿಗೆ ಬ್ಯಾರನ್ ಎಂದರೆ ಏನೆಂದು ಹೇಳಬೇಕಾಗಿಲ್ಲ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುವ ವರ್ಜೀನಿಯಾ ಹೊಗೆಸೊಪ್ಪನ್ನು ಹದ ಮಾಡುವುದು ಅದರೊಳಗೆ. ಹಸಿ ಎಲೆಯನ್ನು ಕೋಲಿಗೆ ಕಟ್ಟಿ ಸಾಲಾಗಿ ತೂಗುಹಾಕಿ, ಕೆಳಗೆ ಕೊಳವೆಗಳಲ್ಲಿ ಬಿಸಿ ಹರಿಸಿ, ಮೊದಲು ಹಳದಿಗೆ ತಿರುಗಿಸಿ, ಆಮೇಲೆ ಎಲೆ ಒಣಗಿಸಿ, ಕೊನೆಗೆ ನರ ಒಣಗಿಸುತ್ತಾರೆ. ಐದಾರು ದಿನ, ಹಗಲೂ ರಾತ್ರಿ ಒಲೆ ಆರುವಂತಿಲ್ಲ. ಶಾಖ ಹೆಚ್ಚಾದರೆ ಎಲೆ ಕಂದುತ್ತದೆ, ಕಡಿಮೆಯಾದರೆ ದರ ಬೀಳುತ್ತದೆ, ಹಾಗಾಗಿ ಮನೆಯವರಲ್ಲಿ ಒಬ್ಬರು ನಿದ್ದೆಗೆಟ್ಟು ಕೂರಲೇಬೇಕು. ಒಂದು ಕಿಲೋ ಹದವಾದ ಸೊಪ್ಪಿಗೆ ನಾಲ್ಕೂವರೆ ಐದು ಕಿಲೋ ಸೌದೆ ಹಿಡಿಯುತ್ತದೆ. ಅದರಲ್ಲಿ ಹದಿನೆಂಟು ಇಪ್ಪತ್ತು ಯೂನಿಟ್ ಶಾಖವಿದೆ. ಅಷ್ಟು ಸೊಪ್ಪಿನಿಂದ ಹೊರಹಾಕಬೇಕಾದ ನೀರು ಐದೂವರೆ ಆರು ಲೀಟರ್. ಅದಕ್ಕೆ ನಿಜವಾಗಿ ಬೇಕಾದ್ದು ನಾಲ್ಕು ಯೂನಿಟ್, ಅಂದರೆ ಒಂದೇ ಕಿಲೋ ಸೌದೆ! ಮಿಕ್ಕದ್ದು ಗೋಡೆಯಲ್ಲಿ, ಚಾವಣಿಯಲ್ಲಿ, ಚಿಮಣಿಯಲ್ಲಿ ಹೊರಟುಹೋಗುತ್ತದೆ. ಎಲ್ಲ ನಷ್ಟವನ್ನೂ ತಡೆಯಲಾಗದು, ಆದರೆ ಚಾವಣಿಯಿಂದ ಶಾಖ ಸೋರದಂತೆ ಮುಚ್ಚಿ, ಒಲೆಯ ತುರಿ ಸರಿಪಡಿಸಿದರೆ ಉಳಿಯುವ ಸೌದೆ ಕಡಿಮೆಯೇನಲ್ಲ. ಹೊಗೆಸೊಪ್ಪಿನ ಹೊಲದಿಂದ ಜನ ಬೇರೆ ಬೆಳೆಗೆ ಹೋಗಬೇಕೆಂಬುದೇ ನನ್ನ ಮನಸ್ಸಿನ ಮಾತು. ಆದರೆ ಹೋಗುವ ದಿನದವರೆಗೂ ಮರಗಳು ಉರಿಯುತ್ತಲೇ ಇರುತ್ತವೆ.

ಇಂಥ ಲೆಕ್ಕದಲ್ಲಿ ಒಂದು ಅಪಾಯವೂ ಇದೆ. ಎಲ್ಲವನ್ನೂ ಒಂದೇ ಅಳತೆಗೆ ಇಳಿಸಿ ಕೂಡಿಬಿಟ್ಟರೆ ಮನುಷ್ಯರು ಅಂಕಿಯೊಳಗೆ ಕರಗಿಹೋಗುತ್ತಾರೆ. ಈ ಅಪಾಯಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಪಕ್ಕದಲ್ಲೇ, ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಹೋಗುವ ದಾರಿಯ ಕುಣಿಗಲ್ ತಾಲ್ಲೂಕಿನಲ್ಲಿ.

ಅಮೂಲ್ಯ ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್‌ರಸಾಯನ ವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಪ್ರಯೋಗಾಲಯದ ವಿಜ್ಞಾನ ಹಳ್ಳಿಗೆ ಏನು ಕೊಟ್ಟಿದೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1974ರಲ್ಲಿ ಅವರ ಮುಂದಾಳುತನದಲ್ಲಿ ಅಸ್ತ್ರ ಎಂಬ ವಿಭಾಗ ಅಲ್ಲಿ ಹುಟ್ಟಿತು. ಎನ್. ಎಚ್. ರವೀಂದ್ರನಾಥ್ ಮೊದಲಾದ ಜೊತೆಗಾರರೊಂದಿಗೆ ಅವರು ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಮತ್ತು ಸುತ್ತಲಿನ ಹಳ್ಳಿಗಳ ಮನೆಮನೆಗೂ ಹೋಗಿ ಸೌದೆ ತೂಗಿಸಿದರು, ನೀರಿನ ಕೊಡ ಎಣಿಸಿದರು, ದನದ ಮೇವು, ಸಗಣಿ, ರಾಗಿಹುಲ್ಲು, ಎತ್ತಿನ ದುಡಿಮೆ, ಸೀಮೆಎಣ್ಣೆ ಎಲ್ಲವನ್ನೂ ಬರೆದಿಟ್ಟರು. ಉಂಗ್ರವನ್ನು ಒಂದು ಇಡೀ ಕೃಷಿ ಪರಿಸರವ್ಯವಸ್ಥೆಯಾಗಿ ನೋಡಿದ ಅವರ ಬರಹಗಳು 1981ರಲ್ಲಿ ಪ್ರಕಟವಾದವು. ಇಡೀ ಜಗತ್ತಿನಲ್ಲಿ ಹಳ್ಳಿಯ ಶಕ್ತಿಯ ಬಗ್ಗೆ ಓದುವವರಿಗೆ ಇಂದಿಗೂ ಈ ಹೆಸರುಗಳು ಎದುರಾಗುತ್ತವೆ.

ಪುರದಲ್ಲಿ ಆಗ ಇದ್ದದ್ದು 56 ಮನೆ, 357 ಜನ. ವರ್ಷಕ್ಕೆ ಸುಮಾರು 217 ಟನ್ ಸೌದೆ ಉರಿಯುತ್ತಿತ್ತು. ಊರಿನ ಒಟ್ಟು ಶಕ್ತಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಅದೇ. ಕರೆಂಟು, ಸೀಮೆಎಣ್ಣೆ ಎರಡೂ ಸೇರಿದರೂ ಅಲ್ಪ. ದೇಶದ ಇಂಧನ ನೀತಿಯೆಲ್ಲ ಕಲ್ಲಿದ್ದಲು, ಪೆಟ್ರೋಲು, ವಿದ್ಯುತ್ತಿನ ಸುತ್ತ ಸುತ್ತುತ್ತಿದ್ದಾಗ, ಹಳ್ಳಿಯ ನಿಜವಾದ ಇಂಧನ ಕಡತದಲ್ಲೇ ಇರಲಿಲ್ಲ. ಆ ಸೌದೆ ಕೂಡ ಬಹುಪಾಲು ಆಯ್ದು ತಂದ ಕಡ್ಡಿ, ಪುರಲೆ, ಒಣಕೊಂಬೆ. ಬಡವರ ಒಲೆಯಿಂದಲೇ ಕಾಡು ಹಾಳಾಯಿತು ಎಂಬ ಆರೋಪ ಅಲ್ಲಿ ನಿಲ್ಲಲಿಲ್ಲ. ದಿಮ್ಮಿಗಳು ಲಾರಿಯಲ್ಲಿ ಹೋಗುತ್ತಿದ್ದದ್ದು ಪಟ್ಟಣಗಳಿಗೆ.

ಮನುಷ್ಯರ ಮೈದುಡಿಮೆಯನ್ನು ಅವರು ಗಂಡಸರದ್ದು, ಹೆಂಗಸರದ್ದು, ಮಕ್ಕಳದ್ದು ಎಂದು ಬೇರೆಬೇರೆಯಾಗಿ ಬರೆದರು. ನನ್ನ ಮಟ್ಟಿಗೆ ಅವರ ಇಡೀ ಅಧ್ಯಯನದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇಲ್ಲ. ಅರ್ಧಕ್ಕಿಂತ ಹೆಚ್ಚು ಹೆಂಗಸರ ಪಾಲು ಎಂದು ಗೊತ್ತಾಯಿತು. ದುಡಿಮೆಯ ಬಹುಪಾಲು ಹೋಗುತ್ತಿದ್ದದ್ದು ದನ ಕಾಯಲು, ಅಡಿಗೆ ಮಾಡಲು, ಸೌದೆ ತರಲು, ನೀರು ಹೊರಲು. ಹೊಲದ ಕೆಲಸದ ಪಾಲು ಅದರ ಮುಂದೆ ಸಣ್ಣದು. ಮನೆಯ ಆ ಕೆಲಸಗಳಾವುದಕ್ಕೂ ಕೂಲಿಯಿಲ್ಲ, ಆದ್ದರಿಂದ ರೂಪಾಯಿಯ ಲೆಕ್ಕದಲ್ಲಿ ಇದು ನಡೆದೇ ಇಲ್ಲ. ಮಗು ಯಾಕೆ ಶಾಲೆಗೆ ಬರಲಿಲ್ಲ ಎಂಬ ಮೇಷ್ಟರ ಪ್ರಶ್ನೆಗೂ ಉತ್ತರ ಈ ಪಟ್ಟಿಯಲ್ಲೇ ಇತ್ತು.

ಜನರಿಗೆ ಬೇಕಾದದ್ದು ಯೂನಿಟ್ಟುಗಳಲ್ಲ, ಬೆಂದ ಅನ್ನ, ಬೆಳಕು, ಕುಡಿಯುವ ನೀರು ಎಂದು ರೆಡ್ಡಿಯವರು ಜೀವನದುದ್ದಕ್ಕೂ ವಾದಿಸಿದರು. ಅಸ್ತ್ರದಲ್ಲಿ ರೂಪುಗೊಂಡ ಮೂರು ಪಾತ್ರೆಯ ಹೊಗೆರಹಿತ ಅಸ್ತ್ರ ಒಲೆ ನಮ್ಮ ಕಡೆಯ ಅನೇಕ ಅಡಿಗೆಮನೆಗಳಿಗೂ ಬಂದಿತ್ತು. ಪುರದಲ್ಲಿ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದಾಗ ಅಡಿಗೆಗೆ ಅನಿಲ ಕೊಡಬೇಕೆಂಬ ಆಲೋಚನೆಯಿತ್ತು. ಆದರೆ ಊರಿನ ಸಗಣಿ ಎಲ್ಲರ ಒಲೆಗೆ ಸಾಲದು ಎಂದು ತಿಳಿಯಿತು. 1987ರಿಂದ ಅದೇ ಅನಿಲದಲ್ಲಿ ಐದು ಕಿಲೋವ್ಯಾಟ್ ಜನರೇಟರ್ ಓಡಿಸಿ, ಕೊಳವೆಬಾವಿಯ ನೀರನ್ನು ಊರಿನ ನಲ್ಲಿಗಳಿಗೆ ಹರಿಸಿದರು, ದೀಪ ಕೊಟ್ಟರು. ಊರಿನ ಹುಡುಗರೇ ಅದನ್ನು ನಡೆಸಿದರು. ಸಗಣಿ ತಂದವರಿಗೆ ತೂಕದ ಮೇಲೆ ಕಾಸು ಸಿಗುತ್ತಿತ್ತು, ಅನಿಲ ತೆಗೆದ ಮೇಲೆ ಉಳಿದ ಗೊಬ್ಬರ ಮತ್ತೆ ಅವರ ಹೊಲಕ್ಕೇ ಹೋಗುತ್ತಿತ್ತು. ಸಗಣಿ ತರುವ ಕೆಲಸಕ್ಕೂ ಒಂದು ಬೆಲೆಯಿದೆ ಎಂದು ಆ ಊರು ಒಪ್ಪಿಕೊಂಡಿತ್ತು, ಅದನ್ನು ನಾವು ಗಮನಿಸಬೇಕು.

ಊರಲ್ಲೇ ಶಕ್ತಿ ಹುಟ್ಟಿಸುವ ಇಂಥ ಪ್ರಯತ್ನ ನಮ್ಮಲ್ಲೂ ಇದೆ. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ 2007ರಲ್ಲಿ ಶುರುಮಾಡಿದ ಜೈವಿಕ ಇಂಧನ ಉದ್ಯಾನವಿದೆ. ಅದರ ಆಲೋಚನೆ ಸರಳ: ಅನ್ನ ಬೆಳೆಯುವ ನೆಲವನ್ನು ಇಂಧನಕ್ಕೆ ಕೊಡಬೇಡಿ, ಬದುಗಳಲ್ಲಿ, ಬೇಲಿಸಾಲಿನಲ್ಲಿ, ಪಾಳುಜಾಗದಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ನೆಡಿ, ಬೀಜ ಆಯ್ದು ಊರ ಹತ್ತಿರವೇ ಎಣ್ಣೆ ತೆಗೆಯಿರಿ, ಎಣ್ಣೆ ಇಂಜಿನ್ನಿಗೆ, ಹಿಂಡಿ ಹೊಲಕ್ಕೆ. ಹೊಂಗೆ ನಮ್ಮ ಸೀಮೆಯ ಮರ, ಅದರ ಎಣ್ಣೆಯಿಂದ ಹಿಂದೆ ದೀಪ ಹಚ್ಚುತ್ತಿದ್ದರು, ಹಸಿರೆಲೆಯನ್ನು ಗದ್ದೆಗೆ ತುಳಿಯುತ್ತಿದ್ದರು. ಬೇಳೆಕಾಳುಗಳ ಕುಟುಂಬಕ್ಕೆ ಸೇರಿದ ಮರವಾದ್ದರಿಂದ ಯೂರಿಯಾ ಕಾರ್ಖಾನೆ ಅನಿಲ ಸುಟ್ಟು ಮಾಡುವ ಕೆಲಸವನ್ನು ಅದು ಬೇರಿನ ಗಂಟುಗಳಲ್ಲೇ ಮಾಡಿಕೊಳ್ಳುತ್ತದೆ.

ಹೀಗಿದ್ದೂ ಎಷ್ಟೋ ಹೊಂಗೆಮರಗಳ ಕೆಳಗೆ ಕಾಯಿ ಯಾರೂ ಆಯದೆ ಬಿದ್ದಿರುತ್ತದೆ. ಕಾರಣ ಹುಡುಕಲು ಶಕ್ತಿಯ ಲೆಕ್ಕ, ರೂಪಾಯಿಯ ಲೆಕ್ಕ ಎರಡನ್ನೂ ಪಕ್ಕಪಕ್ಕ ಇಡಬೇಕು. ಒಬ್ಬ ಹೆಂಗಸು ದಿನವಿಡೀ ಕಾಯಿ ಆಯ್ದು, ಬಡಿದು, ಹತ್ತು ಕಿಲೋ ಬೀಜ ಬಿಡಿಸಿದಳೆನ್ನಿ. ಗಾಣದಲ್ಲಿ ಎರಡೂವರೆ ಲೀಟರ್ ಎಣ್ಣೆ, ಏಳು ಕಿಲೋ ಮೇಲ್ಪಟ್ಟು ಹಿಂಡಿ. ಆ ಎಣ್ಣೆ ಇಂಜಿನ್ನಿನಲ್ಲಿ ಕೊಡುವ ಕೆಲಸ ಏಳು ಯೂನಿಟ್. ಅವಳು ಹಾಕಿದ ಮೈಶಕ್ತಿ ಅರ್ಧ ಯೂನಿಟ್. ಒಂದಕ್ಕೆ ಹದಿನಾಲ್ಕು ಲಾಭ. ರೂಪಾಯಿಯಲ್ಲಿ ನೋಡಿದರೆ ಎರಡೂವರೆ ಲೀಟರ್ ಡೀಸೆಲ್ಲಿಗೆ ಈಗಿನ ದರದಲ್ಲಿ ಇನ್ನೂರಿಪ್ಪತ್ತೈದರ ಹತ್ತಿರ. ಅಷ್ಟಕ್ಕೆ ಅವಳ ಒಂದು ದಿನದ ಕೂಲಿ ಹುಟ್ಟುವುದಿಲ್ಲ, ಗಾಣದ ಬಾಡಿಗೆಯ ಮಾತಂತೂ ದೂರವೇ ಉಳಿಯಿತು. ಹಾಗಾಗಿ ಅವಳು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅಮ್ಮಂದಿರು, ಅಕ್ಕಂದಿರು ದುಡ್ಡಿಲ್ಲದೆ ಹೊತ್ತದ್ದು ಸಾಕು.

ಎಂಟುನೂರು ಅಡಿಯ ಬೋರಿನಿಂದ ನೀರೆತ್ತುವ ಕರೆಂಟಿನ ಖರ್ಚನ್ನು ಸರ್ಕಾರ ಹೊರುತ್ತದೆ. ಯೂರಿಯಾ ಚೀಲದ ಮೇಲೆ ರೈತ ಕೊಡುವುದಕ್ಕಿಂತ ಹಲವು ಪಟ್ಟು ಸಬ್ಸಿಡಿಯಿದೆ. ಹೊರಗಿನಿಂದ ತಂದ ಶಕ್ತಿಗೆ ಇಷ್ಟು ಕೈಬಿಚ್ಚಿ ಕೊಡಲು ಒಪ್ಪಿರುವ ನಾವು ಊರ ಬದುವಿನ ಮೇಲೇ ಹುಟ್ಟುವ ಶಕ್ತಿಯನ್ನು ಆಯ್ದು ತರುವ ಹೆಂಗಸಿನ ಕೂಲಿಗೂ ದರಕ್ಕೂ ನಡುವಿನ ನೂರಿನ್ನೂರು ರೂಪಾಯಿ ತುಂಬಿಕೊಡಲು ಯಾಕೆ ಹಿಂಜರಿಯಬೇಕು? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದಾದರೂ ಗ್ರಾಮ ಪಂಚಾಯಿತಿ ಬರುವ ಹೊಂಗೆ ಸುಗ್ಗಿಗೆ ಇದನ್ನು ಮಾಡಿ ನೋಡಲಿ. ಶಾಲೆಯ ದೊಡ್ಡ ತರಗತಿಯ ಮಕ್ಕಳು ತಕ್ಕಡಿ ಹಿಡಿದು ಬೀಜ, ಎಣ್ಣೆ, ಹಿಂಡಿ ತೂಗಲಿ. ಆಯ್ದವರ ಹೆಸರಿನ ಮುಂದೆಯೇ ಬರೆಯಲಿ, ಮೊದಲ ಹಣ ಅವರ ಕೈಗೇ ಹೋಗಲಿ.